ಗ್ಲಾಸ್ಗೋ ಬ್ಯಾಂಕಿನ ಸಾಲ ತೀರಿಸಿದವರು ಯಾರು?

ನಿವೃತ್ತ ಬ್ಯಾಂಕ್ ನೌಕರರ ಸಭೆಯೊಂದರಲ್ಲಿ ಇಂದು ಬೆಳಿಗ್ಗೆ ಭಾಷಣಕಾರರೊಬ್ಬರು, ಹಿಂದಿನ ಕಾಲದಲ್ಲಿ ಬ್ಯಾಂಕು ಮುಳುಗಿದರೂ ಠೇವಣಿದಾರರಿಗೆ ಕಾಸೂ ನಷ್ಟವಾಗುತ್ತಿರಲಿಲ್ಲ, ನಿರ್ದೇಶಕರು ನೇರವಾಗಿ ಜೈಲಿಗೆ ಹೋಗುತ್ತಿದ್ದರು ಎಂದು 1878ರಲ್ಲಿ ಮುಳುಗಿದ ಸ್ಕಾಟ್ಲೆಂಡಿನ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕಿನ ಉದಾಹರಣೆ ಕೊಟ್ಟು ಭರ್ಜರಿ ಚಪ್ಪಾಳೆ ಗಿಟ್ಟಿಸಿದರು. ತಪಾಸಣಾ ವಿಭಾಗದಲ್ಲಿ ಕೂದಲು ನರೆಸಿಕೊಂಡ ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಕಾರುತ್ತಿದ್ದೇನೆ.

ಈ ಬ್ಯಾಂಕಿನ ಮಟ್ಟಿಗೆ ಅವರ ಎರಡೂ ಮಾತು ನಿಜ. ಆದರೆ ಠೇವಣಿದಾರರಿಗೆ ಕೊಟ್ಟ ಹಣ ಯಾರ ಮನೆಮಠ ಮಾರಿಸಿ ಬಂತು ಎಂಬುದನ್ನು ಅವರು ಹೇಳಲಿಲ್ಲ.

1878ರ ಬೇಸಿಗೆಯಲ್ಲಿ ಈ ಬ್ಯಾಂಕು ತನ್ನ ಷೇರುದಾರರಿಗೆ ಶೇಕಡಾ 12 ಲಾಭಾಂಶ ಘೋಷಿಸಿತ್ತು. ಅಕ್ಟೋಬರ್ 2ರಂದು ಅದರ 133 ಶಾಖೆಗಳೂ ಬಾಗಿಲು ತೆರೆಯಲಿಲ್ಲ. ಲೆಕ್ಕ ಬಿಚ್ಚಿದಾಗ, ಭಾರತ ಮತ್ತು ಪೂರ್ವದೇಶಗಳ ವ್ಯಾಪಾರದಲ್ಲಿದ್ದ ಬೆರಳೆಣಿಕೆಯ ಕಂಪನಿಗಳಿಗೆ ಸುರಿದ ಸಾಲ ವಸೂಲಾಗುವಂತಿರಲಿಲ್ಲ. ಅದನ್ನು ಒಳ್ಳೆಯ ಆಸ್ತಿಯೆಂದೇ ಪುಸ್ತಕದಲ್ಲಿ ತೋರಿಸಲಾಗಿತ್ತು. ಬ್ಯಾಂಕು ತಾನೇ ಹೊರಡಿಸಿದ್ದ ನೋಟುಗಳಿಗೆ ಆಧಾರವಾಗಿ ಇಟ್ಟಿರಬೇಕಾದ ಚಿನ್ನದ ಬಗ್ಗೆ ಸರ್ಕಾರಕ್ಕೆ ಕೊಡುತ್ತಿದ್ದ ಲೆಕ್ಕವೂ ಸುಳ್ಳಾಗಿತ್ತು. ಸಾಲದ್ದಕ್ಕೆ ಷೇರಿನ ಬೆಲೆ ಬೀಳದಿರಲೆಂದು ಬ್ಯಾಂಕು ತನ್ನ ಷೇರನ್ನು ತಾನೇ ಕೊಳ್ಳುತ್ತಿತ್ತು. (ಇಂಥ ಜಾಣತನವನ್ನು ನಾನು ಬೇರೆಡೆಯೂ ಕಂಡಿದ್ದೇನೆ, ಇರಲಿ.)

ಬ್ಯಾಂಕಿನ ಸಾಲಕ್ಕೆ ಷೇರುದಾರರ ಹೊಣೆಗೆ ಮಿತಿಯೇ ಇರಲಿಲ್ಲ, ಸ್ವಂತ ಆಸ್ತಿ ಮಾರಿಯಾದರೂ ತೀರಿಸಬೇಕಿತ್ತು. ಹಾಗಾಗಿ ಮುಳುಗಿದ ಬ್ಯಾಂಕಿನ ಲೆಕ್ಕ ತೀರಿಸಲು ನೇಮಕವಾದ ಲಿಕ್ವಿಡೇಟರುಗಳು 100 ಪೌಂಡಿನ ಷೇರಿಗೆ ಮೊದಲು 500 ಪೌಂಡ್, ಆಮೇಲೆ ಮತ್ತೆ 2,250 ಪೌಂಡ್ ಕೇಳಿದರು. 1,819 ಷೇರುದಾರರಲ್ಲಿ ಕೊನೆಗೆ ದಿವಾಳಿಯಾಗದೆ ಉಳಿದವರು 254 ಮಂದಿ. ಸುಳ್ಳು ಲೆಕ್ಕ ಬರೆದವರಿಗಾದ ಶಿಕ್ಷೆ? ಎಡಿನ್‌ಬರೋ ನ್ಯಾಯಾಲಯವು 1879ರಲ್ಲಿ ಮ್ಯಾನೇಜರ್ ರಾಬರ್ಟ್ ಸ್ಟ್ರೋನಾಕ್ ಹಾಗೂ ನಿರ್ದೇಶಕ ಲೂಯಿಸ್ ಪಾಟರ್‌ಗೆ 18 ತಿಂಗಳು, ಉಳಿದ ಐವರು ನಿರ್ದೇಶಕರಿಗೆ 8 ತಿಂಗಳು ಜೈಲು ವಿಧಿಸಿತು. ಎಂಟು ತಿಂಗಳು! ಷೇರು ಇಟ್ಟುಕೊಂಡಿದ್ದ ವಿಧವೆಗೆ ಜೀವನಪರ್ಯಂತ.

ಲಾಭ ತಿನ್ನುವಾಗ ಇದ್ದವರು ನಷ್ಟ ಹೊರುವಾಗಲೂ ಇರಬೇಡವೇ ಎಂದು ಕೇಳುವವರಿದ್ದಾರೆ. ಬರೆದದ್ದೇ ಸುಳ್ಳಾದ ಲೆಕ್ಕವನ್ನು ನಂಬಿ, ಆ ಪುಸ್ತಕವನ್ನು ತೆರೆದು ನೋಡುವ ಅಧಿಕಾರವೂ ಇಲ್ಲದೆ ಕೂತವರನ್ನು ಪಾಲುದಾರರೆಂದು ಕರೆಯುವುದು ನನಗೆ ವ್ಯಂಗ್ಯವಾಗಿಯೇ ಕೇಳಿಸುತ್ತದೆ.

ಇನ್ನೂ ಕೆಟ್ಟದ್ದೆಂದರೆ ಟ್ರಸ್ಟಿಗಳ ಪಾಡು. ಬೇರೆಯವರ ಪರವಾಗಿ ತಮ್ಮ ಹೆಸರಿನಲ್ಲಿ ಷೇರು ಹಿಡಿದಿದ್ದವರು, ಒಂದು ಪೆನ್ನಿಯ ಲಾಭವನ್ನೂ ಕಾಣದವರು, ಸ್ವಂತ ಆಸ್ತಿಯಿಂದಲೇ ತುಂಬಿಕೊಡಬೇಕೆಂದು ಆಗ ಬ್ರಿಟನ್ನಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಊರಿನ ವಿದ್ಯಾರ್ಥಿನಿಲಯದ ಟ್ರಸ್ಟಿಯಾಗಿ ಮುಲಾಜಿಗೆ ಒಪ್ಪಿಕೊಂಡಿರುವ ನನಗೆ ಆ ತೀರ್ಪನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಾನೂನು ಬೇರೆಯೆಂದು ಗೊತ್ತಿದ್ದರೂ ಬರಲಿಲ್ಲ.

ಅದೇ 1879ರಲ್ಲಿ ಷೇರುದಾರರ ಹೊಣೆಗೆ ಮಿತಿ ಹಾಕಿಕೊಳ್ಳಲು ಬ್ಯಾಂಕುಗಳಿಗೆ ದಾರಿ ಮಾಡಿಕೊಡುವ ಕಾನೂನು ಬಂತು. ಹಾಗೆ ಮಿತಿಯಿಲ್ಲದೆ ಉಳಿದಿದ್ದ ಸ್ಕಾಟ್ಲೆಂಡಿನ ಇತರ ಬ್ಯಾಂಕುಗಳು 1882ರಲ್ಲಿ ಅದರ ಆಶ್ರಯ ಪಡೆದವು. ಗ್ಲಾಸ್ಗೋ ಬ್ಯಾಂಕಿನವರಿಗೆ ಮಾತ್ರ ಅದರಿಂದ ಒಂದು ಪೆನ್ನಿಯೂ ಕಡಿಮೆಯಾಗಲಿಲ್ಲ.