ಸೆಲೆಕ್ಟ್ರಿಕ್ ಟೈಪ್‌ರೈಟರ್‌ನಲ್ಲಿ ಕಂಪ್ಯೂಟರ್ ಇಲ್ಲ: ಒಂದು ಸ್ಪಷ್ಟನೆ

‘1961ರ ಐಬಿಎಂ ಸೆಲೆಕ್ಟ್ರಿಕ್ ಟೈಪ್‌ರೈಟರ್‌ನೊಳಗೆ ಪುಟ್ಟ ಕಂಪ್ಯೂಟರ್ ಇತ್ತು, ಅದೇ ಅಕ್ಷರದ ಚೆಂಡನ್ನು ತಿರುಗಿಸುತ್ತಿತ್ತು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಆ ಯಂತ್ರದಲ್ಲಿ ವಿದ್ಯುತ್ತಿನ ಕೆಲಸ ಒಂದೇ ಒಂದು ಮೋಟಾರು ಓಡಿಸುವುದು. ಅಕ್ಷರ ಆರಿಸುವುದೆಲ್ಲ ಲೋಹದ ಸನ್ನೆ, ಕೊಂಡಿಗಳ ಕೆಲಸ.

ಈ ಯಂತ್ರದಲ್ಲಿ ಕಾಗದಕ್ಕೆ ಬಡಿದು ಅಕ್ಷರ ಮೂಡಿಸುವುದು ಒಂದು ಪುಟ್ಟ ಚೆಂಡು. ಅದರ ಮೇಲೆ 88 ಅಕ್ಷರಗಳಿವೆ: 4 ಸಾಲು, ಸಾಲಿಗೆ 22. ಕೀಲಿ ಒತ್ತಿದಾಗ ಅದರಡಿಯ ಪಟ್ಟಿ ಮುಂದೆ ಸರಿದು, ಆರು ಕೊಂಡಿಗಳಲ್ಲಿ ಯಾವುವು ಎಳೆಯಬೇಕೆಂದು ನಿರ್ಧರಿಸುತ್ತದೆ. ಎರಡು ಕೊಂಡಿಗಳು ಚೆಂಡನ್ನು ಓರೆ ಮಾಡುತ್ತವೆ, ಒಂದು 1 ಹೆಜ್ಜೆ, ಇನ್ನೊಂದು 2 ಹೆಜ್ಜೆ. ಹಾಗಾಗಿ ನಾಲ್ಕು ಸಾಲೂ ಸಿಗುತ್ತವೆ. ಉಳಿದ ನಾಲ್ಕು ತಿರುಗಿಸಲು: 1, 2, 2 ಹೆಜ್ಜೆ ಮತ್ತು ಋಣ 5, ಅಂದರೆ ಎದುರು ದಿಕ್ಕಿಗೆ 5 ಹೆಜ್ಜೆ. ಇವುಗಳನ್ನು ಕೂಡಿದರೆ ಎಡಕ್ಕೆ ಐದು, ಬಲಕ್ಕೆ ಐದು, ನಡುವೆ ಒಂದು, ಒಟ್ಟು 11 ಸ್ಥಾನ, ಅಂದರೆ ಸಾಲಿನ 22ರಲ್ಲಿ ಒಂದು ಬದಿಯ ಅರ್ಧ. ಈ ಕೂಡುವಿಕೆ ನಡೆಯುವುದು ಸನ್ನೆಗಳಲ್ಲೇ. ಮೊತ್ತವನ್ನು ತೆಳು ಉಕ್ಕಿನ ಪಟ್ಟಿಗಳು ಚೆಂಡಿಗೆ ಮುಟ್ಟಿಸುತ್ತವೆ. ನಿಜಕ್ಕೂ ಅಚ್ಚರಿಯ ವಿನ್ಯಾಸ! ಶಿಫ್ಟ್ ಒತ್ತಿದರೆ ಚೆಂಡು ಅರ್ಧ ಸುತ್ತು ತಿರುಗಿ ಇನ್ನೊಂದು ಬದಿಯ 44 ಅಕ್ಷರಗಳು ಮುಂದೆ ಬರುತ್ತವೆ.

ಈ ಸಂದೇಶ ನಂಬಿ ಕೆಲವರು ಕೆಟ್ಟ ಯಂತ್ರದಲ್ಲಿ ಸರ್ಕ್ಯೂಟ್ ಬೋರ್ಡ್ ಹುಡುಕುತ್ತಾರೆ. ತಪ್ಪು ಅಕ್ಷರ ಬೀಳುತ್ತಿದ್ದರೆ ಮೊದಲು ನೋಡಬೇಕಾದದ್ದು ಗಟ್ಟಿಯಾದ ಹಳೆಯ ಗ್ರೀಸು. ಅದರಿಂದ ಕೊಂಡಿಗಳು ಸಕಾಲಕ್ಕೆ ಮರಳುವುದಿಲ್ಲ. ಪ್ಲಗ್ ಕಿತ್ತು, ಹಳೆಯದನ್ನು ಒರೆಸಿ, ತೆಳು ಎಣ್ಣೆಯನ್ನು ತುಸುವೇ ಹಾಕಿ. ಉಕ್ಕಿನ ಪಟ್ಟಿಗಳನ್ನು ಮಡಚಬೇಡಿ, ಮಡಿಕೆ ಬಿದ್ದಲ್ಲೇ ತುಂಡಾಗುತ್ತವೆ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ.