ಒಂದಾದ ಮೇಲೆ ಮೂರು

ನಮ್ಮ ಮನೆಯಲ್ಲಿ ಮೂರು ದಿನ ಮಾತು ನಿಂತಿತ್ತು. ಕಾರಣ ದುಡ್ಡಲ್ಲ, ಆಸ್ತಿಯಲ್ಲ. ಒಂದು ಸಾವು. ಸತ್ತವರು ನೆಂಟರಲ್ಲ, ಪರಿಚಯದವರೂ ಅಲ್ಲ. ನಿಜ ಹೇಳಬೇಕೆಂದರೆ ಅವರು ಹುಟ್ಟೇ ಇರಲಿಲ್ಲ. ಕಾದಂಬರಿಯೊಂದರ ಕೊನೆಯಲ್ಲಿ ಸತ್ತವರು. ಆ ಸುದ್ದಿಯನ್ನು ನಾನು ಊಟಕ್ಕೆ ಕೂತಾಗ ಬಾಯ್ತಪ್ಪಿ ಹೇಳಿಬಿಟ್ಟೆ.

ಶುರುವಿನಿಂದ ಹೇಳುತ್ತೇನೆ. ಶುರುವಿನಿಂದ ಹೇಳುವುದು ಎಷ್ಟು ಮುಖ್ಯ ಅಂತ ಈಗ ನನಗೆ ಚೆನ್ನಾಗಿ ಗೊತ್ತು.

ಮಗಳಿಗೆ 16 ವರ್ಷ. ಅವಳು ಓದುವ ಪುಸ್ತಕಗಳ ಹುಡುಗಿಯರಿಗೂ ಹೆಚ್ಚುಕಮ್ಮಿ ಅಷ್ಟೇ. ಎಲ್ಲರೂ ಯಾವುದೋ ಹಾಳುಬಿದ್ದ ಭವಿಷ್ಯದಲ್ಲಿ ಬದುಕುತ್ತಿರುತ್ತಾರೆ. ಅಲ್ಲೊಂದು ಸರ್ಕಾರ. ಅದಕ್ಕೆ ಬೇರೆ ಕೆಲಸವೇ ಇಲ್ಲ, ಮಕ್ಕಳಿಗೆ ವಯಸ್ಸು ತುಂಬುವುದನ್ನೇ ಕಾದು ಕೂತಿರುತ್ತದೆ. ಸ್ಕಾಟ್ ವೆಸ್ಟರ್‌ಫೆಲ್ಡ್ ಅವರ ‘ಅಗ್ಲೀಸ್’ನಲ್ಲಿ 16 ಆಯಿತೋ, ಆಪರೇಷನ್ ಮಾಡಿ ಎಲ್ಲರನ್ನೂ ಚೆಂದ ಮಾಡಿಬಿಡುತ್ತಾರೆ. ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ನಲ್ಲಿ 16ಕ್ಕೆ ಐದು ಪಂಗಡಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಬೇಕಾದರೆ ಅಪ್ಪ ಅಮ್ಮನನ್ನೂ ಬಿಟ್ಟು ಹೋಗಬಹುದು. ಆಲಿ ಕಾಂಡಿ ಅವರ ‘ಮ್ಯಾಚ್ಡ್’ನಲ್ಲಿ ಒಂದು ವರ್ಷ ಜಾಸ್ತಿ ಕಾಯುತ್ತಾರೆ. 17ಕ್ಕೆ ಸರ್ಕಾರವೇ ಲೆಕ್ಕ ಹಾಕಿ ಜೋಡಿ ಹುಡುಕಿಕೊಡುತ್ತದೆ. ಲಾರೆನ್ ಆಲಿವರ್ ಅವರ ‘ಡೆಲಿರಿಯಂ’ನಲ್ಲಂತೂ ಪ್ರೀತಿಯೇ ಒಂದು ಕಾಯಿಲೆ. 18 ತುಂಬಿದ ಮೇಲೆ ಅದಕ್ಕೆ ಚಿಕಿತ್ಸೆ. ಇದೊಂದರ ಬಗ್ಗೆ ಮಾತ್ರ ನನ್ನ ಗಂಡ ಆಸಕ್ತಿ ತೋರಿಸಿದರು. ಮಗಳ ಕೋಣೆಯ ಕಡೆ ಒಮ್ಮೆ ನೋಡಿ, ‘ಖರ್ಚು ಎಷ್ಟಾಗುತ್ತಂತೆ?’ ಅಂತ ಕೇಳಿದರು.

‘ಒಂದ್ಸಲ ಓದಿ ನೋಡಮ್ಮ, ಬರೀ ಪ್ರೀತಿ ಪ್ರೇಮ ಅಲ್ಲ, ಸರ್ಕಾರ ಉರುಳಿಸೋದೂ ಇದೆ’ ಅಂತ ಮಗಳು ‘ಡೈವರ್ಜೆಂಟ್’ ಕೈಗಿಟ್ಟಳು. ಸುಮ್ನೆ ನಾಲ್ಕು ಪುಟ ತಿರುವಿ ವಾಪಸ್ ಕೊಡೋಣ ಅಂತ ತೆಗೆದುಕೊಂಡೆ. ಮುಗಿದಾಗ ರಾತ್ರಿ ಎರಡೂವರೆ. ಬೆಳಿಗ್ಗೆ ಕೆಂಪು ಕಣ್ಣು ಹೊತ್ತು ಆಫೀಸಿಗೆ ಹೋಗಿ ಕಣ್ಣುಬೇನೆ ಅಂದೆ. ಎರಡು ದಿನ ಯಾರೂ ನನ್ನ ಮೇಜಿನ ಹತ್ತಿರ ಸುಳಿಯಲಿಲ್ಲ.

ಮೊದಲ ಪುಸ್ತಕದಿಂದ ಯಾರಿಗೂ ತೊಂದರೆ ಆಗುವುದಿಲ್ಲ. ತೊಂದರೆಯೆಲ್ಲ ಆಮೇಲಿನವುಗಳದ್ದು. ಎರಡನೆಯ ಪುಸ್ತಕ ‘ಇನ್ಸರ್ಜೆಂಟ್’ ಮನೆಯಲ್ಲೇ ಇತ್ತು. ಆದರೆ ಮಗಳೇ ಅದರ ಅರ್ಧದಲ್ಲಿದ್ದಳು. ಪರೀಕ್ಷೆ ಬೇರೆ ಇತ್ತು, ದಿನಕ್ಕೆ ಹತ್ತೇ ಪುಟ ಅಂತ ಅವಳಿಗೆ ಕಟ್ಟುನಿಟ್ಟು ಮಾಡಿದವಳೂ ನಾನೇ. ನನಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ನೇರವಾಗಿ ಲೈಬ್ರರಿಗೆ ಹೋದೆ.

ಕಪಾಟಿನಲ್ಲಿ ‘ಡೈವರ್ಜೆಂಟ್’ ಕಾಣಿಸಿತು. ಅದಕ್ಕೆ ಒರಗಿಕೊಂಡು ಇನ್ನೊಂದು ಪುಸ್ತಕ. ಅದೇ ಲೇಖಕಿ, ಅದೇ ತರಹದ ರಕ್ಷಾಪುಟ, ಹೆಸರಿಗೂ ಅದೇ ಬಾಲ: ‘ಅಲೀಜಿಯಂಟ್’. ಮಗಳ ಪುಸ್ತಕದ ಹೆಸರು ಬಾಲದ ಕಡೆಯಿಂದ ಮಾತ್ರ ನನಗೆ ನೆನಪಿತ್ತು. ಒಂದರ ಪಕ್ಕದಲ್ಲಿರುವುದು ಎರಡಲ್ಲದೆ ಇನ್ನೇನು? ಎತ್ತಿಕೊಂಡು ಬಂದೆ.

ಓದಲು ಕೂತೆ. ಮೊದಲ ಪುಸ್ತಕ ಮುಗಿದಾಗ ನಾಯಕಿ ಟ್ರಿಸ್ ರೈಲಿನಲ್ಲಿದ್ದಳು. ಇದರ ಶುರುವಿನಲ್ಲೇ ಸೆರೆಮನೆಯಲ್ಲಿದ್ದಾಳೆ. ಟಿಕೆಟ್ ಇಲ್ಲದೆ ಹತ್ತಿರಬೇಕು ಅಂದುಕೊಂಡೆ. ಆ ಪುಸ್ತಕದಲ್ಲಿ ಹುಡುಗರೆಲ್ಲ ಓಡುವ ರೈಲಿಗೆ ಹಾರಿ ಹತ್ತುತ್ತಾರೆ, ಒಬ್ಬರೂ ಟಿಕೆಟ್ ತೆಗೆದದ್ದು ನಾನು ನೋಡಿಲ್ಲ. ಎಂದಾದರೂ ಹಿಡಿಯಲೇಬೇಕಲ್ವಾ?

ಪುಟ ಪುಟಕ್ಕೂ ಗೊತ್ತಿಲ್ಲದ ಹೆಸರುಗಳು. ನಾನು ನೋಡಿಯೇ ಇರದವರನ್ನು ನೆನೆದು ಎಲ್ಲರೂ ದುಃಖಪಡುತ್ತಿದ್ದಾರೆ. ಯಾವುದೋ ವಿಡಿಯೋ ನೋಡಿ ಇಡೀ ಊರು ತಲೆ ಕೆಡಿಸಿಕೊಂಡಿದೆ, ನನಗೆ ಮಾತ್ರ ಯಾರೂ ತೋರಿಸಿಲ್ಲ. ಒಂದು ಸಲವೂ ಪುಸ್ತಕದ ಮೇಲೆ ನನಗೆ ಅನುಮಾನ ಬರಲಿಲ್ಲ. ಬಂದದ್ದು ನನ್ನ ತಲೆಯ ಮೇಲೆ. ‘ಓದಿದ್ದು ಒಂದೂ ನಿಲ್ಲುತ್ತಿಲ್ಲ, ನೆನಪಿನ ಶಕ್ತಿಗೆ ಏನಾದರೂ ಮಾಡಬೇಕು’ ಅಂದೆ ಗಂಡನಿಗೆ. ‘ಹೋದ ವಾರವೂ ಇದನ್ನೇ ಹೇಳಿದೆ’ ಅಂದರು. ಅದೂ ನೆನಪಿರಲಿಲ್ಲ.

ಇನ್ನೊಂದು ಎಡವಟ್ಟು ಇತ್ತು. ಮೊದಲ ಪುಸ್ತಕದ ಕಥೆಯನ್ನೆಲ್ಲ ಟ್ರಿಸ್ ಒಬ್ಬಳೇ ‘ನಾನು, ನಾನು’ ಅಂತ ಹೇಳುತ್ತಾಳೆ. ಈ ಪುಸ್ತಕದಲ್ಲಿ ಅವಳ ಹುಡುಗ ಟೋಬಿಯಾಸ್ ಕೂಡ ನಡುನಡುವೆ ‘ನಾನು’ ಆಗುತ್ತಾನೆ. ಯಾರ ಸರದಿ ಅಂತ ಅಧ್ಯಾಯದ ತಲೆಯ ಮೇಲೆ ಹೆಸರು ಹಾಕಿದ್ದಾರೆ. ಆದರೆ ಅಧ್ಯಾಯದ ತಲೆಯನ್ನು ಯಾರು ಓದುತ್ತಾರೆ? ಇಂಗ್ಲಿಷಿನ ‘ಐ’ಯೂ ನಮ್ಮ ‘ನಾನು’ ಇದ್ದ ಹಾಗೆಯೇ. ‘ನಾನು ಬಂದೆ’ ಅಂದರೆ ಬಂದದ್ದು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಹಾಗಾಗಿ ತುಂಬಾ ಹೊತ್ತು ಟ್ರಿಸ್ಸೇ ಮಾತಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಒಂದು ಕಡೆ ‘ನಾನು’ ಟ್ರಿಸ್‌ಳ ಕೈ ಹಿಡಿಯಿತು. ಪಾಪ, ಎಷ್ಟು ಕಷ್ಟಪಟ್ಟ ಹುಡುಗಿ, ತನ್ನ ಕೈ ತಾನೇ ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದಾಳೆ ಅನ್ನಿಸಿತು. ಆಮೇಲೆ ‘ನಾನು’ ಅವಳಿಗೆ ಮುತ್ತಿಟ್ಟಿತು. ಆಗ ಪುಟ ಹಿಂದಕ್ಕೆ ತಿರುವಿದೆ.

ಇಷ್ಟು ದಿನ ಒಂದೇ ಬಾಯಲ್ಲಿ ನಡೆದ ಕಥೆಗೆ ಈಗ ಎರಡನೇ ಬಾಯಿ ಯಾಕೆ ಬೇಕಾಯಿತು ಅಂತ ನಾನು ಅಲ್ಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ನೀವು ಇನ್ನೂ ಓದಿಲ್ಲದಿದ್ದರೆ ದಯವಿಟ್ಟು ನೀವೂ ಯೋಚಿಸಬೇಡಿ.

ಆ ಸಾವು ನನಗೆ ಸಿಕ್ಕಿದ್ದು ಬಸ್ಸಿನಲ್ಲಿ, ನಿಂತಿದ್ದಾಗ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಪುಸ್ತಕ. ಕಣ್ಣೊರೆಸಲು ಮೂರನೇ ಕೈ ಇಲ್ಲ. ಮುಂದೆ ಕೂತಿದ್ದ ಹೆಂಗಸು ನೋಡಿ ನೋಡಿ ಕೊನೆಗೆ ಮೆಲ್ಲಗೆ ಕೇಳಿದರು, ‘ಮನೇಲಿ ಯಾರಾದ್ರೂ...?’ ಇಲ್ಲ ಅಂದಿದ್ದರೆ ಮುಂದಿನ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ತಲೆಯಾಡಿಸಿದೆ. ಅವರು ಎದ್ದು ಸೀಟು ಬಿಟ್ಟುಕೊಟ್ಟರು. ಕೂತುಬಿಟ್ಟೆ. ಇನ್ನೂ ನಲವತ್ತು ಪುಟ ಬಾಕಿ ಇತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದಳು, ‘ಎಲ್ಲಿಗೆ ಬಂತಮ್ಮ ಎರಡನೇದು?’

‘ಮುಗೀತು.’

‘ಅಯ್ಯೋ, ನನಗಿಂತ ಮುಂದೆ ಹೋದ್ಯಾ! ಕಥೆ ಏನೂ ಹೇಳ್ಬೇಡ. ಚೆನ್ನಾಗಿದ್ಯಾ, ಇಲ್ವಾ, ಅಷ್ಟು ಹೇಳು.’

‘ತುಂಬಾ ಚೆನ್ನಾಗಿದೆ’ ಅಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ‘ಆದರೆ ಇಂಥವರೇ ಸತ್ತ ಮೇಲೆ ಮೂರನೇದರಲ್ಲಿ ಇನ್ನೇನು ಉಳಿದಿದೆ ಅಂತ ಬರೀತಾರೋ!’ ಅಂತ ಸೇರಿಸಿದೆ. ‘ಇಂಥವರು’ ಅನ್ನುವ ಜಾಗದಲ್ಲಿ ಹೆಸರು ಹೇಳಿದ್ದೆ.

ಚಮಚ ತಟ್ಟೆಗೆ ತಾಗಿದ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ತುಂಬಾ ಹೊತ್ತಾದ ಮೇಲೆ ಮಗಳು ಕೇಳಿದಳು, ‘ಅಮ್ಮಾ, ನೀನು ಓದಿದ ಪುಸ್ತಕದ ಹೆಸರೇನು?’

ಮೂರು ದಿನದ ಮೌನ ಅಲ್ಲಿಂದ ಶುರು.

ನಾಲ್ಕನೇ ದಿನ ನನ್ನ ವಾದ ಮಂಡಿಸಿದೆ. ಕೊನೆ ಗೊತ್ತಿದ್ದರೆ ಓದುವ ರುಚಿ ಹೋಗುತ್ತದೆ ಅನ್ನುವುದು ಸುಳ್ಳು. ಸುಜಾನ್ ಕಾಲಿನ್ಸ್ ಅವರನ್ನೇ ನೋಡು. ‘ಹಂಗರ್ ಗೇಮ್ಸ್’ ಸರಣಿಯಲ್ಲಿ ಮಕ್ಕಳನ್ನು ಸಾಯುವವರೆಗೆ ಕಾದಾಡಿಸುವ ಆಟ, ಕೊನೆಗೆ ಉಳಿದವರೇ ಗೆದ್ದವರು. ಹೇಮಿಚ್ ಅನ್ನುವವನು ಅದನ್ನು ಗೆದ್ದವನು ಅಂತ 2008ರ ಮೊದಲ ಪುಸ್ತಕದಲ್ಲೇ ಗೊತ್ತು. 50ನೇ ಆಟದಲ್ಲಿ 48 ಮಕ್ಕಳನ್ನು ಅಖಾಡಕ್ಕೆ ಇಳಿಸಿದ್ದು, ಅವನೊಬ್ಬ ಉಳಿದದ್ದು, ಎಲ್ಲ 2009ರ ಎರಡನೆಯದರಲ್ಲಿ ಬಂತು. ಅದೇ ಆಟದ ಕಥೆಯನ್ನು 2025ರಲ್ಲಿ ‘ಸನ್‌ರೈಸ್ ಆನ್ ದಿ ರೀಪಿಂಗ್’ ಅಂತ ಇಡೀ ಪುಸ್ತಕ ಮಾಡಿ ಕೊಟ್ಟರು. ಹದಿನಾರು ವರ್ಷದಿಂದ ಗೊತ್ತಿದ್ದ ಕಥೆ. ಆದರೂ ನೀನು ದಿಂಬು ಒದ್ದೆ ಮಾಡಿಕೊಂಡು ಅಳಲಿಲ್ವಾ?

ಮಗಳು ಪೂರ್ತಿ ಕೇಳಿಸಿಕೊಂಡಳು. ‘ಅದನ್ನ ಲೇಖಕಿ ಹೇಳಿದ್ದು. ನೀನಲ್ಲ’ ಅಂದಳು.

ಮಾತು ಶುರುವಾಯಿತಲ್ಲ, ಅಷ್ಟು ಸಾಕು ಅಂದುಕೊಂಡೆ.

ಆದರೆ ತಪ್ಪು ಪೂರ್ತಿ ನನ್ನದು ಅಂತ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಇನ್ನೊಮ್ಮೆ ಲೈಬ್ರರಿಗೆ ಹೋಗಿ ಕಪಾಟಿನ ಮುಂದೆ ನಿಂತು ತನಿಖೆ ಮಾಡಿದೆ. ಅಪರಾಧಿ ಸಿಕ್ಕಿದ. ಇಂಗ್ಲಿಷ್ ಅಕ್ಷರಮಾಲೆ. ಹೆಸರಿನ ಮೊದಲ ಅಕ್ಷರ ನೋಡಿ ಜೋಡಿಸಿದರೆ ವೆರೋನಿಕಾ ರಾತ್ ಅವರ ಮೂರನೆಯದು ಎಲ್ಲಕ್ಕಿಂತ ಮೊದಲು ನಿಲ್ಲುತ್ತದೆ. ಸುಜಾನ್ ಕಾಲಿನ್ಸ್ ಅವರ ‘ಕ್ಯಾಚಿಂಗ್ ಫೈರ್’ ಎರಡನೆಯದು, ನಿಂತಿರುವುದು ‘ಹಂಗರ್ ಗೇಮ್ಸ್’ಗಿಂತ ಮುಂದೆ. ‘ಮ್ಯಾಚ್ಡ್’ನ ಎರಡನೇ ಭಾಗ ‘ಕ್ರಾಸ್ಡ್’ದೂ ಅದೇ ಕಥೆ. ‘ಅಗ್ಲೀಸ್’ ಸರಣಿಯಲ್ಲಿ ನಾಲ್ಕು, ಎರಡು, ಮೂರು, ಒಂದು. ಎಲ್ಲಕ್ಕಿಂತ ಘೋರ ಕಿಯೆರಾ ಕ್ಯಾಸ್ ಅವರ ‘ದಿ ಸೆಲೆಕ್ಷನ್’. ಐದು, ಎರಡು, ನಾಲ್ಕು, ಮೂರು, ಒಂದು! ಮೊದಲನೆಯದು ಕಟ್ಟಕಡೆಗೆ, ಕಟ್ಟಕಡೆಯದು ಮೊದಲಿಗೆ. ಬೀಗದ ನಂಬರ್ ಇದ್ದ ಹಾಗಿದೆ. ‘ಡೆಲಿರಿಯಂ’ ಒಂದು ಮಾತ್ರ ‘ಪ್ಯಾಂಡೆಮೋನಿಯಂ’, ‘ರಿಕ್ವಿಯಂ’ ಅಂತ ಮರ್ಯಾದೆಯಾಗಿ ಸಾಲಿನಲ್ಲಿ ನಿಂತಿತ್ತು. ಲಾರೆನ್ ಆಲಿವರ್ ಅವರಿಗೆ ಅಲ್ಲೇ ಮನಸ್ಸಿನಲ್ಲಿ ಕೈ ಮುಗಿದೆ.

ಆಮೇಲೆ ‘ಇನ್ಸರ್ಜೆಂಟ್’ ಓದಿದೆ. ಯಾರು ಸಾಯುತ್ತಾರೆ ಅಂತ ಗೊತ್ತಿದ್ದು ನಡುವಿನ ಪುಸ್ತಕ ಓದುವುದು ಒಂದು ವಿಚಿತ್ರ ಅನುಭವ. ಗುಂಡು ಹಾರಲಿ, ಜನ ಬೆನ್ನಟ್ಟಲಿ, ನಾನು ಆಕಳಿಸುತ್ತಾ ಪುಟ ತಿರುವಿದೆ. ‘ನಿಮಗೇನೂ ಆಗಲ್ಲ, ನಿಮಗೆ ಇನ್ನೊಂದು ಪುಸ್ತಕ ಇದೆ’ ಅಂತ ಸಮಾಧಾನವೂ ಹೇಳಿದೆ. ಅದೇ ಆ ಇಬ್ಬರೂ ಸುಮ್ನೆ ಜೊತೆಗೆ ಕೂತ ಒಂದು ಪುಟ ಬಂದಾಗ ಪುಸ್ತಕ ಮುಚ್ಚಿ ಎದ್ದು ಹೋದೆ. ಯಾರೂ ಅಳದ ಜಾಗದಲ್ಲಿ ಅತ್ತ ಓದುಗಿ ಬಹುಶಃ ನಾನೊಬ್ಬಳೇ.

ಇಷ್ಟಾದ ಮೇಲೂ ಚಟ ಬಿಡಲಿಲ್ಲ. ‘ದಿ ಸೆಲೆಕ್ಷನ್’ ಸರಣಿಯನ್ನು ಸರಿಯಾದ ಸಾಲಿನಲ್ಲಿ ಓದಿದೆ. ಒಬ್ಬ ರಾಜಕುಮಾರನಿಗಾಗಿ 35 ಹುಡುಗಿಯರ ಸ್ಪರ್ಧೆ. ನಾಯಕಿ ಅಮೆರಿಕಾಗೆ ಅತ್ತ ರಾಜಕುಮಾರ, ಇತ್ತ ಹಳೆಯ ಹುಡುಗ. ಒಂದೊಂದು ಪುಸ್ತಕ ಮುಗಿದಾಗಲೂ ಗಂಡ ಕೇಳುತ್ತಿದ್ದರು, ‘ಇನ್ನೂ ತೀರ್ಮಾನ ಆಗಿಲ್ವಾ ಆ ಹುಡುಗಿದು?’ ಮೂರನೆಯದಕ್ಕೆ ಆಯಿತು. ‘ಸದ್ಯ’ ಅಂದರು. ನಾಲ್ಕನೆಯದರಲ್ಲಿ ಅವಳ ಮಗಳಿಗಾಗಿ 35 ಹುಡುಗರು ಬಂದಿದ್ದಾರೆ ಅಂದೆ. ಏನೂ ಮಾತಾಡದೆ ಎದ್ದು ಹೋದರು.

ನನಗೆ ಮಾತ್ರ ಆ ನಾಲ್ಕನೆಯದು ಸ್ವಲ್ಪ ಚುಚ್ಚಿತು. ಮೂರು ಪುಸ್ತಕ ಜೊತೆಗೆ ನಡೆದ ಹುಡುಗಿ ಈಗ ನಾಲ್ಕು ಮಕ್ಕಳ ತಾಯಿ. ಕೊನೆಗೂ ನನ್ನ ವಾರಗೆಯವಳು ಒಬ್ಬಳು ಸಿಕ್ಕಳಲ್ಲ ಅಂತ ಖುಷಿಪಟ್ಟೆ. ಆದರೆ ಕಥೆ ಈಗ ಅವಳದಲ್ಲ. ಈ ಪುಸ್ತಕಗಳಲ್ಲಿ ಅಮ್ಮಂದಿರ ಪಾಡೇ ಹೀಗೆ. ಮಂಕಾಗಿ ಮೂಲೆಯಲ್ಲಿ ಕೂರಬೇಕು, ಇಲ್ಲವೇ ಬೇಗ ಸತ್ತು ಮಗಳಿಗೆ ಸಿಟ್ಟು ಬರಿಸಬೇಕು. ಅಮ್ಮ ಗಟ್ಟಿಮುಟ್ಟಾಗಿ ಮನೆಯಲ್ಲಿದ್ದು ‘ರಾತ್ರಿ ಎಷ್ಟು ಹೊತ್ತಿಗೆ ಬರ್ತೀಯ?’ ಅಂತ ಕೇಳಿದರೆ ಕ್ರಾಂತಿ ಆಗುವುದಾದರೂ ಹೇಗೆ?

ತಾಹೆರೆ ಮಾಫಿ ಅವರ ‘ಶ್ಯಾಟರ್ ಮಿ’ಯಲ್ಲಿ ನನ್ನ ಮಾನ ಇನ್ನಷ್ಟು ಹೋಯಿತು. ಮೊದಲ ಪುಸ್ತಕದಲ್ಲಿ ವಾರ್ನರ್ ಅನ್ನುವವನ ಮೇಲೆ ಕಿಡಿಕಾರಿದ್ದೆ. ‘ಇಂಥವನನ್ನ ಇಷ್ಟಪಡೋರಿಗೆ ತಲೆ ಸರಿ ಇಲ್ಲ’ ಅಂದಿದ್ದೆ. ಮಗಳು ಅದನ್ನು ತಾರೀಕು ಹಾಕಿ ಬರೆದಿಟ್ಟುಕೊಂಡಿದ್ದಳು. ಮೂರನೆಯದು ಮುಗಿಯುವ ಹೊತ್ತಿಗೆ ನಾನು ಅವನ ಪರ ವಕೀಲಳಾಗಿದ್ದೆ. ಅವಳು ಚೀಟಿ ತಂದು ಮುಂದಿಟ್ಟಳು. 2014ರಲ್ಲೇ ಕಥೆ ಮುಗಿಯಿತು, ಹಳೆಯದೆಲ್ಲ ಈಗ ಯಾಕೆ ಅಂದೆ. 2018ರಿಂದ ಮತ್ತೆ ಮೂರು ಬಂದಿವೆ ಅಂದಳು.

ಹೋದ ತಿಂಗಳು ಮಗಳೇ ಇನ್ನೊಂದು ಸರಣಿಯ ಎರಡನೇ ಪುಸ್ತಕ ಕೊಟ್ಟಳು. ಸರಣಿಯ ಹೆಸರು ಹೇಳುವುದಿಲ್ಲ, ನನಗೂ ಬುದ್ಧಿ ಬಂದಿದೆ. ಮೊದಲ ಪುಟ ತೆರೆದರೆ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ. ನನಗೆ ತುಂಬಾ ಇಷ್ಟವಾಗಿದ್ದ ಹುಡುಗನ ಹೆಸರು, ಅದರ ಮುಂದೆ ‘ಸಾಯ್ತಾನೆ. ಲೆಕ್ಕ ಚುಕ್ತಾ.’

ಪುಸ್ತಕದ ಉದ್ದಕ್ಕೂ ಅವನನ್ನು ಕಳಿಸಿಕೊಡುತ್ತಲೇ ಇದ್ದೆ. ಅವನು ಗೋಡೆ ಹತ್ತಿದ, ನಾನು ಕಣ್ಣು ಮುಚ್ಚಿಕೊಂಡೆ. ರಾತ್ರಿ ಕಾವಲಿಗೆ ನಿಂತ, ಬೆಳಗಾಗುವವರೆಗೆ ನನಗೂ ನಿದ್ದೆ ಇಲ್ಲ. ಒಂದು ಸಲ ಕೆಮ್ಮಿದ, ಮುಗೀತು ಅಂದುಕೊಂಡೆ. ಒಬ್ಬನೇ ನೀರು ತರಲು ಹೋದಾಗಂತೂ ಪೂರ್ತಿ ಅತ್ತು ಮುಗಿಸಿದೆ. ಅವನು ನೀರು ತಂದ. ಕೊನೆಯ ಐವತ್ತು ಪುಟ ಕರ್ಚೀಫು ಹಿಡಿದೇ ಓದಿದೆ. ಕೊನೆಯ ಪುಟದಲ್ಲಿ ಅವನು ಒಂದು ಗೀರೂ ಇಲ್ಲದೆ ನಗುತ್ತಾ ನಿಂತಿದ್ದ.

ರಾತ್ರಿ ಒಂದು ಗಂಟೆ ಇರಬೇಕು. ಹೋಗಿ ಮಗಳ ಕೋಣೆಯ ಬಾಗಿಲು ತಟ್ಟಿದೆ.

‘ಏನೇ ಇದು, ಅವನು ಸಾಯ್ಲೇ ಇಲ್ವಲ್ಲೇ!’

ಒಳಗಿಂದ ನಿದ್ದೆಗಣ್ಣಿನ ದನಿ ಬಂತು.

‘ನಾನು ಬರೆದಿದ್ದು ಮೂರನೇದರ ಬಗ್ಗೆ ಅಮ್ಮ.’