ಆ ಒಂದಕ್ಷರದ ಪತ್ರ: ಸತ್ಯಾಂಶ

ತಮ್ಮ ಕಾದಂಬರಿ ‘ಲೆ ಮಿಸರಾಬ್ಲ್’ ಹೇಗೆ ಮಾರಾಟವಾಗುತ್ತಿದೆ ಎಂದು ಕೇಳಲು, ರಜೆಯಲ್ಲಿದ್ದ ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೊ ಪ್ರಕಾಶಕರಿಗೆ ಬರೀ ‘?’ ಬರೆದರಂತೆ. ಪ್ರಕಾಶಕರ ಉತ್ತರ ‘!’ ಅಂತೆ. ಮುದ್ದಾದ ಕಥೆ, ಹಂಚಿಕೊಳ್ಳಬೇಕು ಅನಿಸುವುದು ಸಹಜ. ಆದರೆ ಆ ಮೂಲ ಪತ್ರ ಯಾರಿಗೂ ಸಿಕ್ಕಿಲ್ಲ.

1862ರಲ್ಲಿ ಪುಸ್ತಕ ಹೊರಬಂದಾಗ ಅವರಿಗೆ ಎಲ್ಲಿಯ ರಜೆ? ಫ್ರಾನ್ಸ್‌ನ 1851ರ ಕ್ಷಿಪ್ರಕ್ರಾಂತಿಯನ್ನು ವಿರೋಧಿಸಿ ದೇಶ ಬಿಟ್ಟ ಹ್ಯೂಗೊ ಇಂಗ್ಲಿಷ್ ಕಾಲುವೆಯ ಗರ್ನ್ಸಿ ದ್ವೀಪದಲ್ಲಿದ್ದರು. ಫ್ರಾನ್ಸಿಗೆ ಮರಳಿ ನೆಲೆಸಿದ್ದು 1870ರಲ್ಲಿ. ಮೂಲ ಪ್ರಕಾಶಕರು ಬ್ರಸೆಲ್ಸ್‌ನವರು. ಅವರ ಜೊತೆ ಹ್ಯೂಗೊ ಉದ್ದುದ್ದ ಪತ್ರಗಳನ್ನೇ ಬರೆಯುತ್ತಿದ್ದರು.

ನೀವೇ ಪರೀಕ್ಷಿಸಬಹುದು. ಲೇಖಕರ ಹೆಸರು ಬಿಟ್ಟು, ಸುಮ್ನೆ ಕಥೆಯನ್ನಷ್ಟೇ ಹುಡುಕಿ. ಐರಿಶ್ ಲೇಖಕ ಆಸ್ಕರ್ ವೈಲ್ಡ್ ಹೆಸರಲ್ಲೂ ಇದೇ ಸಿಗುತ್ತದೆ! ಆಮೇಲೆ ಪತ್ರದ ದಿನಾಂಕ ಏನು, ಅದು ಈಗ ಎಲ್ಲಿದೆ ಎಂದು ನೋಡಿ.